ಒಂದು ಮೊರ ತೌಡಿನ ಗೋಲ್‌ಕೀಪರ್

ಹಿರಿಯೂರು ಕ್ಯಾಂಪ್
12 ಜೂನ್ 2025

ಅವ್ವ,

ಬಂದು ಮುಟ್ಟಿದೆ. ಗೇಟಿನಲ್ಲೇ ಮೊಬೈಲ್ ಇಸಿದುಕೊಂಡು, ಹೆಸರು ಅಂಟಿಸಿ ಡಬ್ಬಿಗೆ ಹಾಕಿದರು. ಕ್ಯಾಂಪ್ ಮುಗಿಯುವವರೆಗೆ ಫೋನಿಲ್ಲ, ಮನೆಯವರು ಬಂದು ನೋಡುವಂತಿಲ್ಲ. ಹೊಸ ಕೋಚ್‌ನ ಕಟ್ಟಳೆ. ಬೇಕಾದರೆ ಕಾಗದ ಬರೆಯಿರಿ ಅಂದಾಗ ಹುಡುಗರೆಲ್ಲ ನಕ್ಕರು. ನಾನು ನಗಲಿಲ್ಲ. ನನ್ನ ಅವ್ವ ಅಂಗನವಾಡಿ ಟೀಚರು, ಬರೆಯೋದರಲ್ಲೂ ಬೈಯೋದರಲ್ಲೂ ಅವಳನ್ನು ಮೀರಿಸೋರಿಲ್ಲ.

ಕಾವೇರಿ ಸಿಟಿ ಫುಟ್‌ಬಾಲ್ ಕ್ಲಬ್‌ನವರು ಊರಾಚೆ ಒಂದು ಖಾಸಗಿ ಶಾಲೆಯ ಹಾಸ್ಟೆಲ್ ಹಿಡಿದಿದ್ದಾರೆ. ಮೈದಾನದ ಹುಲ್ಲು ನೋಡಿದರೆ ನಮ್ಮ ಕುರಿಗಳು ಅಪ್ಪನ ಮಾತು ಕೇಳುತ್ತಿರಲಿಲ್ಲ. ಕ್ಲಬ್ಬಿಗೆ ಇಬ್ಬರು ಗೋಲ್‌ಕೀಪರ್‌ಗಳು ಮೊದಲೇ ಇದ್ದಾರೆ, ಮೂರನೆಯವನು ಬೇಕು. ಅದಕ್ಕೆ ನಾನು ಮತ್ತು ಹೊಳಲ್ಕೆರೆಯ ಹಾಲೇಶ್ ಅಂತ ಒಬ್ಬ. ಜುಲೈ ಕೊನೆಗೆ ಒಬ್ಬನಿಗೆ ಕೆಲಸ, ಇನ್ನೊಬ್ಬನಿಗೆ ಊರಿನ ಬಸ್ಸು.

ಇನ್ನೊಂದು ವಿಷಯ. ಇಲ್ಲಿ ನನ್ನ ಹೆಸರು ತೇಜಸ್. ವಿಡಿಯೋ ಮಾಡುವ ಹುಡುಗಿ ‘ತಿಪ್ಪೇಶ ಅಂದ್ರೆ ತಿಪ್ಪೆ ಅಲ್ವಾ’ ಅಂತ ಮೂಗು ಮುಚ್ಚಿಕೊಂಡಳು. ಅಲ್ಲ, ತೇಜಸ್ ಅಂದುಬಿಟ್ಟೆ. ಅರ್ಬಾಜ್ ನಡೆಸುವ ‘ಕಲ್ಲಿನಕೋಟೆ ಫ್ಯಾನ್ಸ್’ ಪೇಜಿನಲ್ಲಿ ಕ್ಯಾಂಪಿನ ಸುದ್ದಿಯೆಲ್ಲ ಬರುತ್ತೆ. ಹೊಸದುರ್ಗಕ್ಕೆ ಮೀಟಿಂಗಿಗೆ ಹೋದಾಗ ಅವನ ಮೊಬೈಲ್ ಅಂಗಡಿಗೆ ಹೋಗಿ ನೋಡು. ನೋಡಿ ಒಂದು ಒಳ್ಳೆ ಮಾತು ಬರಿ. ಹುಟ್ಟಿದಾಗಿನಿಂದ ನಿನ್ನ ಬಾಯಲ್ಲಿ ‘ಚೆನ್ನಾಗಿ ಮಾಡಿದೆ’ ಅಂತ ಕೇಳಿಲ್ಲ. ಸುಳ್ಳಾದರೂ ಪರವಾಗಿಲ್ಲ, ಒಂದು ಸಲ ಬರಿ.

ನಿನ್ನ ಮಗ
ತೇಜಸ್ (ರೂಢಿ ಮಾಡಿಕೋ)


ಮಾಡದಕೆರೆ
19 ಜೂನ್ 2025

ತಿಪ್ಪ,

ಕಾಗದ ಬಂತು. ತೇಜಸ್ಸಂತೆ. ನಿನ್ನ ತೇಜಸ್ಸಿಗೆ ನನ್ನ ಹಳೇ ಕಸಬರಿಗೆ ಹಾಕ.

ಆ ಮೂಗು ಮುಚ್ಚಿಕೊಂಡವಳಿಗೆ ಹೇಳು. ನಿನಗಿಂತ ಮುಂಚೆ ಮೂರು ಹುಟ್ಟಿ ಹೋದವು. ಮೂರನೆಯದು ಹೆಣ್ಣು. ನೀರೆರೆದು ಹೊಗೆ ಹಾಕಿ ಮಲಗಿಸಿದಾಗ ಅದರ ಕೆನ್ನೆ ಹೊಳೆಯುತ್ತಿತ್ತು. ನಾನೇ ಅಂದೆ, ಈ ಬಾಯಲ್ಲೇ, ‘ಎಷ್ಟ್ ಚಂದಾಗೈತಲ್ಲೇ ನನ್ ಕೂಸು’ ಅಂತ. ಆ ವಾರ ದಾಟಲಿಲ್ಲ. ‘ಊರೋರ ಕಣ್ಣಿಗೆ ಮದ್ದೈತೆ, ಹೆತ್ತೋಳ ಕಣ್ಣಿಗೆ ಮದ್ದಿಲ್ಲ’ ಅಂದಳು ನಿನ್ನಜ್ಜಿ. ಸಾಯುವವರೆಗೂ ಅದನ್ನು ಅನ್ನುವುದು ಬಿಡಲಿಲ್ಲ.

ನೀನು ಹುಟ್ಟಿದ ದಿನ ಮೊಲೆಗೂ ಹಾಕದೆ ತಿಪ್ಪೆಯ ಮೇಲೆ ಮಲಗಿಸಿದೆವು. ಆಗ ಅರ್ಬಾಜನ ತಾಯಿ ನಸ್ರೀನ್ ನಮ್ಮ ಪಕ್ಕದ ಮನೆಯಲ್ಲಿದ್ದಳು. ‘ಯಾರ್ದೋ ಕಸ ಬಿದ್ದೈತೆ’ ಅಂತ ಎತ್ತಿಕೊಂಡು ಹೋದಳು. ಅವಳಿಗೆ ಒಂದು ಮೊರ ತೌಡು ಕೊಟ್ಟು ನಿನ್ನನ್ನು ಕೊಂಡು ತಂದೆ. ಕಸವನ್ನು ಯಾವ ಸಾವೂ ಎತ್ತಿಕೊಂಡು ಹೋಗಲ್ಲ ಅಂತ. ಆ ಹೆಸರಿನಿಂದಲೇ ಇವತ್ತು ಚೆಂಡು ಹಿಡಿಯುವಷ್ಟು ಬೆಳೆದಿದ್ದೀಯ.

ಅರ್ಬಾಜ್ ನನ್ನ ಫೋನಿನಲ್ಲೇ ಪೇಜು ಹಾಕಿಕೊಟ್ಟ, ಏಕಾಂತಮ್ಮ ಅಂತ ನನ್ನ ಹೆಸರು, ಫೋಟೋ ಎಲ್ಲ ಕೂಡಿಸಿ. ಒಂದೊಂದೇ ಓದಿದೆ. ಒಬ್ಬ ‘ದುರ್ಗದ ಕೋಟೆ’ ಅಂತಾನೆ. ಇನ್ನೊಬ್ಬ ‘ಇವನ್ನ ದಾಟಿ ಇರುವೆನೂ ಹೋಗಲ್ಲ’ ಅಂತಾನೆ. ಸಾಲಾಗಿ ಹೃದಯದ ಗುರುತು. ಅಷ್ಟು ಜನರ ಕಣ್ಣು ಒಂದೇ ಮೈ ಮೇಲೆ. ಸಂಜೆ ನಿನ್ನ ಫೋಟೋಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಒಂದಿಷ್ಟೂ ಘಾಟು ಬರಲಿಲ್ಲ. ಘಾಟು ಬರದಷ್ಟು ದೃಷ್ಟಿ ಬಿದ್ದಿದೆ ನಿನಗೆ.

ಹೊಗಳಿಕೆ ಮಾತ್ರ ಕೇಳಬೇಡ. ಬೇಕಾದರೆ ಒಂದು ಕಣ್ಣು ಕೇಳು, ಕಿತ್ತು ಅಂಚೆಗೆ ಹಾಕುತ್ತೇನೆ. ವಿಡಿಯೋ ನೋಡಿದೆ. ಕಪ್ಪೆ ನೆಗೆದ ಹಾಗೆ ನೆಗೆಯುತ್ತೀಯ.

ನಿನ್ನ ಅವ್ವ


ಹಿರಿಯೂರು ಕ್ಯಾಂಪ್
3 ಜುಲೈ 2025

ಅವ್ವ,

ಘಾಟು ಬರದಿದ್ದರೆ ಅಂಗಡಿಯವನನ್ನು ಕೇಳು. ಹೋದ ವರ್ಷದ ಮೆಣಸಿನಕಾಯಿ ಕೊಟ್ಟಿರುತ್ತಾನೆ.

ಇಲ್ಲಿ ಎಲ್ಲ ನನ್ನ ಕಡೆಗೇ ಇದೆ. ಮೊನ್ನೆ ಪೆನಾಲ್ಟಿ ಅಭ್ಯಾಸದಲ್ಲಿ ಕ್ಲಬ್ಬಿನ ದೊಡ್ಡ ಆಟಗಾರನದೇ ಹಿಡಿದೆ. ಕೋಚ್ ಬಂದು ಬೆನ್ನು ತಟ್ಟಿದರು. ಪರದೇಶದವರು, ಅವರಿಗೆ ನಿನ್ನ ಶಾಸ್ತ್ರ ಗೊತ್ತಿಲ್ಲ, ಬಾಯಿ ತುಂಬ ಹೊಗಳುತ್ತಾರೆ. ನನಗೇನೂ ಆಗಿಲ್ಲ, ಜ್ವರ ಕೂಡ ಬಂದಿಲ್ಲ.

ಹಾಲೇಶ್ ಒಳ್ಳೆ ಹುಡುಗ. ಅದೇ ಅವನ ರೋಗ. ನಾನು ಬಿದ್ದರೆ ಕೈ ಕೊಟ್ಟು ಎಬ್ಬಿಸುತ್ತಾನೆ. ಹಾಗೆ ಎಬ್ಬಿಸಿದ ಕೈಯನ್ನೇ ಜುಲೈ ಕೊನೆಗೆ ಬಸ್ಸು ಹತ್ತಿಸುತ್ತೇನೆ.

ಇಪ್ಪತ್ತನೇ ತಾರೀಕು ಭಾನುವಾರ ದಾವಣಗೆರೆಯ ತಂಡದ ಮೇಲೆ ಪಂದ್ಯ. ಆ ದಿನ ಮಾತ್ರ ಅಭಿಮಾನಿಗಳನ್ನು ಒಳಗೆ ಬಿಡುತ್ತಾರೆ. ಪೂರ್ತಿ ಆಟ ನನಗೇ ಕೊಟ್ಟಿದ್ದಾರೆ. ನೀನು ಬರಬೇಡ. ಅಪ್ಪ ಉಣ್ಣೆ ವ್ಯಾಪಾರಿ ಅಂತ ಹೇಳಿದ್ದೇನೆ. ನೀನು ಬೇಲಿ ಹತ್ತಿರ ನಿಂತು ‘ಲೇ ತಿಪ್ಪ’ ಅಂತ ಕೂಗಿದರೆ ನಾನು ಗೋಲಿನ ಬಲೆಗೇ ನೇಣು ಹಾಕಿಕೊಳ್ಳಬೇಕಾಗುತ್ತೆ. ಬೇಜಾರು ಮಾಡಿಕೊಳ್ಳಬೇಡ. ಕೆಲಸ ಗಟ್ಟಿಯಾದ ಮೇಲೆ ಬರುವೆಯಂತೆ, ಒಳ್ಳೆ ಸೀರೆ ಉಟ್ಟುಕೊಂಡು.

ತೇಜಸ್


ಹಿರಿಯೂರು ಕ್ಯಾಂಪ್
14 ಜುಲೈ 2025

ಅರ್ಬಾಜ್,

ಮೊನ್ನೆ ಕ್ಲಬ್ಬಿನ ಡಾಕ್ಟರು ಕರೆಸಿ ಕೂರಿಸಿಕೊಂಡು ‘ಎಷ್ಟು ವರ್ಷದಿಂದ ಮೂರ್ಛೆ ಬರ್ತಾ ಇದೆ?’ ಅಂದರು. ನಾನು ನಕ್ಕೆ. ಅವರು ನಗಲಿಲ್ಲ. ನಿನ್ನ ಪೇಜಿನಲ್ಲಿ ಬಂದಿದೆಯಂತೆ. ನನಗೆ ಚಿಕ್ಕಂದಿನಿಂದ ಮೂರ್ಛೆ ರೋಗ, ಅಮಾವಾಸ್ಯೆಗೊಮ್ಮೆ ಬಾಯಲ್ಲಿ ನೊರೆ ಬಂದು ಬೀಳುತ್ತೇನೆ, ಅಂಥವನನ್ನು ಗೋಲಿಗೆ ನಿಲ್ಲಿಸಿದ್ದಾರೆ ಅಂತ. ಬರೆದವರು ಯಾರು ಸಾರ್ ಅಂದೆ. ‘ನಿನ್ನನ್ನ ಚೆನ್ನಾಗಿ ಬಲ್ಲವರೇ’ ಅಂದರು, ಹೆಸರು ಹೇಳಲಿಲ್ಲ.

ದಾವಣಗೆರೆಗೆ ಕಳಿಸಿ ತಲೆಗೆಲ್ಲ ತಂತಿ ಅಂಟಿಸಿ ನೋಡಿದರು. ಏನೂ ಇಲ್ಲ ಅಂತ ಬಂತು. ಮ್ಯಾನೇಜರ್‌ಗೆ ಅದು ಸಾಲದು. ‘ಇವತ್ತು ಇಲ್ಲ, ಸರಿ. ಆಟದ ಮಧ್ಯ ಬೀಳಲ್ಲ ಅಂತ ಯಾರು ಬರ್ಕೊಡ್ತಾರೆ?’ ಅಂತಾನೆ. ಭಾನುವಾರದ ಪಂದ್ಯ ಆಡಿಸಿ ನೋಡೋಣ ಅಂತ ಕೋಚ್ ಹಟ ಹಿಡಿದಿದ್ದಾರೆ.

ಹುಡುಗರ ಆಟ ಕೇಳು. ಮೂರ್ಛೆ ಬಿದ್ದವರ ಕೈಗೆ ನಮ್ಮ ಕಡೆ ಬೀಗದಕೈ ಕೊಡುತ್ತಾರಲ್ಲ, ಅದನ್ನು ಯಾರೋ ಇವರಿಗೆ ಹೇಳಿಕೊಟ್ಟಿದ್ದಾರೆ. ನಿನ್ನೆ ಗ್ಲೌಸಿಗೆ ಕೈ ಹಾಕಿದರೆ ಒಳಗೆ ಬೀಗದಕೈ ಗೊಂಚಲು. ಊಟದ ಹಾಲಿನಲ್ಲಿ ಒಬ್ಬ ನೆಲಕ್ಕೆ ಬಿದ್ದು ಒದ್ದಾಡಿ ತೋರಿಸಿದ, ಮೊಸರನ್ನ ಬಾಯಿಂದ ಸುರಿಸಿಕೊಂಡು. ಎಲ್ಲ ತಟ್ಟೆ ಬಡಿದು ನಕ್ಕರು.

ಇದು ನಿನ್ನದೇ ಕೆಲಸ. ಒಳಗಿನ ಸುದ್ದಿ ಕೊಡು, ಯಾರನ್ನು ತೆಗೀತಾರೆ ಹೇಳು ಅಂತ ನೀನು ಎರಡು ಸಲ ಬರೆದೆ, ನಾನು ಕೊಡಲಿಲ್ಲ. ಪೇಜು ಓಡಬೇಕಲ್ಲ, ನನ್ನನ್ನೇ ಕೊಯ್ದು ಮಾರಿದೆ. ನಿನ್ನಮ್ಮ ನನ್ನನ್ನು ತಿಪ್ಪೆಯಿಂದ ಎತ್ತಿಕೊಂಡಳು ಅಂತ ಜೀವಮಾನವಿಡೀ ಅಣ್ಣ ತಮ್ಮ ಅಂದುಕೊಂಡು ಬಂದಿದ್ದೇ ತಪ್ಪು. ಅವಳಿಗೆ ಸಿಗಬೇಕಾದ ತೌಡು ಅವತ್ತೇ ಸಿಕ್ಕಿದೆ. ಇನ್ನು ನಿನ್ನ ಮುಖ ತೋರಿಸಬೇಡ.

ತಿಪ್ಪೇಶ


ಮಾಡದಕೆರೆ
15 ಜುಲೈ 2025

ತಿಪ್ಪ,

ಒಳ್ಳೆ ಸೀರೆ ಇಲ್ಲ, ಅದಕ್ಕೆ ಬರುವುದಿಲ್ಲ. ಉಣ್ಣೆ ವ್ಯಾಪಾರಿ ಹಿಂಡು ಹೊಡೆದುಕೊಂಡು ಹೋಗಿ ತಿಂಗಳಾಯಿತು. ಬಂದರೆ ಅವನ ಹೊಸ ಉದ್ಯೋಗದ ಸುದ್ದಿ ಹೇಳುತ್ತೇನೆ.

ನಿನಗೊಂದು ಖುಷಿಯ ವಿಷಯ. ನೀನು ಆ ಪೆನಾಲ್ಟಿ ಹಿಡಿದ ವಿಡಿಯೋ ಪೇಜಿಗೆ ಬಂದ ದಿನ ಜನ ಹುಚ್ಚೆದ್ದು ಹೊಗಳಿದರು. ‘ಇಂಥ ಮಗನ್ನ ಹೆತ್ತ ತಾಯಿ ಪುಣ್ಯವಂತೆ’ ಅಂತ ಒಬ್ಬ. ನನಗೆ ದಿಗಿಲು ಹತ್ತಿತು. ಇಷ್ಟು ದಿನ ನಿನ್ನನ್ನು ಸುತ್ತುತ್ತಿದ್ದ ಕಣ್ಣು ನನ್ನ ಹತ್ತಿರಕ್ಕೂ ಬಂತಲ್ಲ ಅಂತ. ನಿವಾಳಿಸಿದರೆ ಘಾಟು ಬರುತ್ತಿಲ್ಲ, ನೀನು ಕಣ್ಣೆದುರಿಗಿಲ್ಲ, ಇನ್ನೇನು ಮಾಡಲಿ? ಹೊಗಳಿದ ಜಾಗದಲ್ಲೇ ತೆಗಳಬೇಕು ಅಂದುಕೊಂಡು, ಕೂತು ನಾನೇ ಟೈಪು ಮಾಡಿದೆ. ಎಲ್ಲಿಯ ಕೋಟೆ, ಇವನಿಗೆ ಹುಟ್ಟಿದಾಗಿನಿಂದ ಮೂರ್ಛೆ ರೋಗ, ಅಮಾವಾಸ್ಯೆ ಬಂದರೆ ನೊರೆ ಕಾರಿ ಬೀಳುತ್ತಾನೆ ಅಂತ. ಚಿಕ್ಕವನಿದ್ದಾಗ ಯಾರಾದರೂ ‘ಗಟ್ಟಿಮುಟ್ಟಾಗವ್ನೆ’ ಅಂದರೆ ‘ಎಲ್ಲಿ ಬಿಡ್ರಿ, ಮೂರು ಹೊತ್ತೂ ಭೇದಿ’ ಅನ್ನುತ್ತಿದ್ದೆನಲ್ಲ, ಹಾಗೆ.

ಮಾರನೇ ದಿನ ನಿವಾಳಿಸಿ ಒಲೆಗೆ ಹಾಕಿದರೆ ಮನೆ ತುಂಬ ಘಾಟು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ದೃಷ್ಟಿ ಕಳಚಿತು ಮಗನೇ. ಭಾನುವಾರ ಧೈರ್ಯವಾಗಿ ಆಡು.

ನಿನ್ನ ಅವ್ವ


ಹೊಸದುರ್ಗ
17 ಜುಲೈ 2025

ತಿಪ್ಪೇಶ,

ನಾನು ಬರೆದಿಲ್ಲ. ನೋಡಿದ ತಕ್ಷಣ ಅಳಿಸಿದೆ, ಅಷ್ಟರಲ್ಲಿ ಫೋಟೋ ತೆಗೆದುಕೊಂಡು ಎಲ್ಲ ಕಡೆ ಹಬ್ಬಿಸಿದ್ದರು. ಬರೆದದ್ದು ಯಾರು ಅಂತ ನನ್ನ ಬಾಯಿಂದ ಬರುವುದಿಲ್ಲ. ತಿಳಿದ ಮೇಲೆ ನಿಧಾನವಾಗಿ ಮಾತಾಡು, ಅಷ್ಟೇ ಕೇಳಿಕೊಳ್ಳೋದು.

ಕೆಲವರು ಭಾನುವಾರ ಬೀಗದಕೈ ತರೋಣ ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಬೇಡ ಅಂತ ಪೇಜಿನಲ್ಲಿ ಬರೆದೆ. ಅದಕ್ಕೇ ಜಾಸ್ತಿ ನಗು ಬಿತ್ತು. ಹತ್ತಿ ಇಟ್ಟುಕೋ ಕಿವಿಗೆ.

ತೌಡಿನ ಮಾತು ಅಮ್ಮನಿಗೆ ಓದಿ ಹೇಳಿಲ್ಲ.

ಅರ್ಬಾಜ್


ಹಿರಿಯೂರು
21 ಜುಲೈ 2025

ಅವ್ವ,

ನಿನ್ನ ಖುಷಿಯ ಕಾಗದ ಶನಿವಾರ ಕೈಗೆ ಬಂತು. ಪಂದ್ಯದ ಹಿಂದಿನ ದಿನ. ಆಮೇಲೆ ಡಾಕ್ಟರ ಹತ್ತಿರ ಹೋಗಿ, ದೃಷ್ಟಿ ತೆಗೆಯಲು ಹೀಗೆ ಬರೆದಿದ್ದಾಳೆ ಸಾರ್, ನಮ್ಮ ಕಡೆ ರೂಢಿ ಅಂದೆ. ಅವರು ಫೋನಿನಲ್ಲಿ ನಿನ್ನ ಫೋಟೋ ತೋರಿಸಿ ‘ಇದು ನಿನ್ನ ತಾಯೇ ತಾನೆ? ಹೆತ್ತ ತಾಯಿ ಸುಳ್ಳು ಹೇಳ್ತಾಳಾ?’ ಅಂದರು. ಎಲ್ಲರಿಗೂ ಮೊದಲೇ ಗೊತ್ತಿತ್ತು. ಬರೆದದ್ದು ಬೇರೆ ಯಾರೇ ಆಗಿದ್ದರೂ ಹೊಟ್ಟೆಕಿಚ್ಚು ಅಂತ ಬಿಟ್ಟುಬಿಡುತ್ತಿದ್ದರು. ನೀನು ಅಂತ ನಂಬಿದರು.

ಆಟದ ಕಥೆ ಕೇಳು. ಗೋಲಿನ ಹಿಂದೆ ಬೇಲಿಗೆ ಒತ್ತಿಕೊಂಡು ನಿಂತಿದ್ದರು. ನನ್ನನ್ನು ಕೋಟೆ ಅಂದಿದ್ದವರೇ, ದುರ್ಗದವರೇ, ಹಿರಿಯೂರಿನವರೇ. ಚೆಂಡು ನನ್ನ ಕಡೆ ಬಂದಾಗಲೆಲ್ಲ ಒಟ್ಟಿಗೆ ಬೀಗದಕೈ ಅಲ್ಲಾಡಿಸಿದರು. ಗಾಡಿಯದು, ಮನೆಯದು, ಅಂಗಡಿಯದು. ಎಲ್ಲರ ಜೇಬಿನಲ್ಲೂ ಇರುತ್ತಲ್ಲ. ಮೊದಲನೇ ಗೋಲು ಕಾಲ ಸಂದಿಯಲ್ಲಿ ಹೋಯಿತು. ಎರಡನೆಯದು ಹಿಡಿದ ಚೆಂಡೇ ಜಾರಿತು. ಆಮೇಲೆ ನಾನು ಚೆಂಡು ನೋಡುವುದು ಬಿಟ್ಟು ಸದ್ದಿಗೆ ಕಾಯುತ್ತಿದ್ದೆ. ನಾಲ್ಕು ಬಿಟ್ಟೆ. ಬಿದ್ದಾಗ ಒಂದು ಬೀಗದಕೈ ಬಂದು ಕುತ್ತಿಗೆಗೆ ಬಡಿಯಿತು. ‘ಹಿಡ್ಕಳಪ್ಪ, ಇದನ್ನಾದ್ರೂ ಹಿಡ್ಕ’ ಅಂದ ಒಬ್ಬ.

ಇವತ್ತು ಬೆಳಿಗ್ಗೆ ಚೀಲ ಕಟ್ಟು ಅಂದರು. ರೋಗಕ್ಕಲ್ಲ, ನಾಲ್ಕು ಗೋಲಿಗೆ ಅಂತ ಹೇಳಿದರು. ಹಾಲೇಶ್ ಬಸ್‌ಸ್ಟ್ಯಾಂಡಿನವರೆಗೆ ಬಂದು ನನ್ನ ಚೀಲ ಹೊತ್ತ.

ನಿನ್ನ ಹತ್ತಿರ ಕೇಳಿದ್ದು ಒಂದು ಒಳ್ಳೆ ಮಾತು. ಮೂರು ಹೆತ್ತು ಸಾಯಿಸಿದವಳು ನಾಲ್ಕನೆಯವನನ್ನು ಬದುಕಿಸಿ ಸಾಯಿಸಿದೆ. ನನ್ನನ್ನು ಮತ್ತೆ ತಿಪ್ಪೆಗೆ ಹಾಕಿದ್ದೀಯ, ಈ ಸಲ ತೌಡು ಕೊಟ್ಟು ಕೊಳ್ಳಲು ಬರಬೇಡ. ದುರ್ಗದಲ್ಲಿ ಎಲ್ಲಾದರೂ ಇರುತ್ತೇನೆ.

ತಿಪ್ಪೇಶ


ಮಾಡದಕೆರೆ
2 ಆಗಸ್ಟ್ 2025

ತಿಪ್ಪ,

ಓದಿದೆ. ಮೂರು ಹೆತ್ತು ಸಾಯಿಸಿದವಳು ಅಂತ ನಿನ್ನಜ್ಜಿಯೂ ಅನ್ನುತ್ತಿದ್ದಳು, ಅಭ್ಯಾಸವಿದೆ.

ಕೆಲಸ ಹೋಯಿತು. ಜೀವ ಇದೆಯಲ್ಲ. ಚೆಂಡು ಹಿಡಿಯುವವರು ಬೇಕಾದಷ್ಟು ಜನ ಸಿಗುತ್ತಾರೆ, ನನಗೆ ಮಗ ಅಂತ ಉಳಿದವನು ನೀನೊಬ್ಬನೇ. ಇನ್ನೊಂದು ಸಲ ಅದೇ ಹೊತ್ತು ಬಂದರೂ ಅದನ್ನೇ ಬರೆಯುತ್ತೇನೆ. ಅರ್ಬಾಜ್ ನಿನ್ನ ವಿಳಾಸ ಹುಡುಕಿ ಕೊಟ್ಟ. ಅವನ ಕೈಲಿ ಹುರಿಹಿಟ್ಟು, ಶೇಂಗಾ ಚಟ್ನಿ ಕಳಿಸಿದ್ದೇನೆ. ಡಬ್ಬಿ ವಾಪಸ್ ಕಳಿಸು.

ನಿನ್ನ ಅವ್ವ


ಚಿತ್ರದುರ್ಗ
18 ಸೆಪ್ಟೆಂಬರ್ 2025

ಅವ್ವ,

ಡಬ್ಬಿ ಕಳಿಸಲು ಆಗಿಲ್ಲ. ಬಲಗೈ ಏಳುತ್ತಿಲ್ಲ, ಇದನ್ನೂ ಕಷ್ಟಪಟ್ಟು ಬರೆಯುತ್ತಿದ್ದೇನೆ.

ಹೋದ ಅಮಾವಾಸ್ಯೆಯ ದಿನ ಸಂತೆಬಾಗಿಲಿನಲ್ಲಿ ಚಹಾ ಕುಡಿಯುತ್ತಿದ್ದೆ. ಲೋಟ ಕೈಯಿಂದ ಬಿದ್ದದ್ದು ಗೊತ್ತು, ಆಮೇಲೆ ಗೊತ್ತಿಲ್ಲ. ಎಚ್ಚರವಾದಾಗ ಬಾಯಿ ತುಂಬ ರಕ್ತ, ನಾಲಿಗೆ ಕಚ್ಚಿಕೊಂಡಿದ್ದೆ. ಚಡ್ಡಿ ಒದ್ದೆಯಾಗಿತ್ತು. ಕೈಯಲ್ಲಿ ಯಾರದೋ ಬೀಗದಕೈ. ಜನ ಸುತ್ತ ನಿಂತು ‘ಇವ್ನೇ ಕಣ್ರಿ ಆ ಗೋಲ್‌ಕೀಪರ್, ಅವರವ್ವ ಬರ್ದಿದ್ಳಲ್ಲ’ ಅನ್ನುತ್ತಿದ್ದರು. ಅದಾದ ಮೇಲೆ ಇನ್ನೂ ಎರಡು ಸಲ ಬಂತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಂಗನವಾಡಿ ಮಕ್ಕಳಿಗೆ ಹೇಳಿಕೊಡುತ್ತಿದ್ದೆಯಲ್ಲ. ನೀನು ನಿನ್ನ ಕಣ್ಣಿಗೆ ಹೆದರಿದೆ, ಬಾಯಿಗೆ ಹೆದರಲಿಲ್ಲ. ನೀನು ಬರೆದ ಹಾಗೇ ಆಯಿತು ಅವ್ವ, ಒಂದಕ್ಷರವೂ ತಪ್ಪಿಲ್ಲ, ಅಮಾವಾಸ್ಯೆ ಕೂಡ.

ಬರಬೇಡ. ನಿನ್ನನ್ನು ನೋಡಿದರೆ ಜಾಸ್ತಿಯಾಗುತ್ತೆ.

ತಿಪ್ಪೇಶ


ಹೊಸದುರ್ಗ
6 ಅಕ್ಟೋಬರ್ 2025

ತಿಪ್ಪೇಶ,

ಮುಖ ತೋರಿಸಬೇಡ ಅಂದಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದ ಮೇಲೆ ನಿನ್ನವ್ವ ಉಪ್ಪು ಬಿಟ್ಟಿದ್ದಾರೆ. ಹಾಲುರಾಮೇಶ್ವರಕ್ಕೆ ಬರಿಗಾಲಲ್ಲಿ ನಡೆದು ಹೋಗಿ, ನೀರಲ್ಲಿ ಪ್ರಸಾದ ತೇಲಿ ಬರಲಿ ಅಂತ ಕೊಳದ ಮುಂದೆ ಸೆರಗು ಒಡ್ಡಿ ಸಂಜೆವರೆಗೂ ಕೂತಿದ್ದರಂತೆ. ಹೋದ ಸೋಮವಾರ ನನ್ನ ಅಂಗಡಿ ಮುಂದೆಯೇ, ಬಸ್ಸಿನ ಜನರೆಲ್ಲ ನೋಡುತ್ತಿದ್ದ ಹಾಗೆ, ಚಪ್ಪಲಿ ತೆಗೆದು ಬಾಯಿಗೆ ಹೊಡೆದುಕೊಂಡರು. ‘ಈ ಬಾಯೇ, ಈ ಬಾಯೇ’ ಅಂತ. ತುಟಿ ಒಡೆಯಿತು. ನಮ್ಮಮ್ಮ ಓಡಿ ಬಂದು ಕೈ ಹಿಡಿದುಕೊಂಡಳು. ನಾಲ್ಕು ಜನ ಅದನ್ನೂ ವಿಡಿಯೋ ಮಾಡಿಕೊಂಡರು. ಮಕ್ಕಳ ಮುಂದೆ ಬಾಯಿ ಬಿಡಲು ಹೆದರಿಕೆ ಅಂತ ಅಂಗನವಾಡಿಗೆ ಹೋಗುತ್ತಿಲ್ಲ.

ನಿನ್ನೆ ನಾನು ಹೊಳಲ್ಕೆರೆ ಟೂರ್ನಮೆಂಟಿಗೆ ಬಂದಿದ್ದೆ. ನೀನು ನನ್ನನ್ನು ನೋಡಲಿಲ್ಲ. ಬಲಗೈಯಲ್ಲೇ ಎರಡು ಪೆನಾಲ್ಟಿ ಹಿಡಿದೆ. ಗೆದ್ದ ಮೇಲೆ ಕಂಬ ಹತ್ತಿ ಕುಣಿದೆ. ನೀನೀಗ ಆಡುವ ದುರ್ಗದ ತಂಡದವರನ್ನು ವಿಚಾರಿಸಿದೆ, ಆಗಸ್ಟ್‌ನಿಂದ ಒಂದು ಪಂದ್ಯವೂ ತಪ್ಪಿಸಿಲ್ಲವಂತೆ, ಒಂದು ಸಲವೂ ಬಿದ್ದಿಲ್ಲವಂತೆ.

ವಿಡಿಯೋ ನನ್ನ ಫೋನಿನಲ್ಲಿದೆ. ನಿನ್ನವ್ವನಿಗೆ ನೀನೇ ಬಂದು ಹೇಳು. ಈ ಕವರಿನಲ್ಲಿ ಒಂದು ಬೀಗದಕೈ ಇದೆ, ನಿಮ್ಮ ಮನೆ ಬಾಗಿಲಿನ ಹಳೇದು. ಉಡಿದಾರಕ್ಕೆ ಕಟ್ಟಿಕೊಳ್ಳಲು ಕೊಡು ಅಂತ ಅವ್ವ ಕೊಟ್ಟರು. ಕೊಡುವಾಗ ಮಾತಾಡಲಿಲ್ಲ, ಸನ್ನೆ ಮಾಡಿದರು.

ಅರ್ಬಾಜ್


ಚಿತ್ರದುರ್ಗ
9 ಅಕ್ಟೋಬರ್ 2025

ಅರ್ಬಾಜ್,

ವಿಡಿಯೋ ತೋರಿಸಬೇಡ. ಇನ್ನೂ ಸ್ವಲ್ಪ ದಿನ ಹೊಡೆದುಕೊಳ್ಳಲಿ. ನನ್ನನ್ನು ನೋಡಿ ಊರೆಲ್ಲ ನಕ್ಕಿತು, ಅವಳನ್ನು ನೋಡಿ ಒಂದು ಬಸ್ಸಿನ ಜನ ನಕ್ಕರೆ ಏನಾಯಿತು? ಚಪ್ಪಲಿ ಅವಳದೇ, ಬಾಯೂ ಅವಳದೇ.

ದೀಪಾವಳಿ ಕಳೆಯಲಿ, ಆಮೇಲೆ ವಾಸಿಯಾಯಿತು ಅಂತ ನಾನೇ ಬರೆಯುತ್ತೇನೆ. ಅಷ್ಟರೊಳಗೆ ಒಂದು ಸಲ ಬಾಯಿಬಿಟ್ಟು ನನ್ನನ್ನು ಹೊಗಳಿದರೆ ಇನ್ನೂ ಬೇಗ ವಾಸಿಯಾಗುತ್ತೆ ಅಂತ ಹೇಳು, ನಗು ಬರಲಿ ನಿನಗೂ.

ಬೀಗದಕೈ ಗುಜರಿಗೆ ಹಾಕಿದೆ.

ತಿಪ್ಪೇಶ


ಮಾಡದಕೆರೆ
16 ಅಕ್ಟೋಬರ್ 2025

ಪ್ರೀತಿಯ ತೇಜಸ್,

ಅರ್ಬಾಜ್ ನಿನ್ನ ಕಾಗದ ಓದುತ್ತಾ ಅಂಗಡಿಯಲ್ಲಿ ಕೂತು ಅಳುತ್ತಿದ್ದ. ನಾನೇ ಕಿತ್ತುಕೊಂಡು ಓದಿದೆ. ಅವನನ್ನು ಬೈಯಬೇಡ. ಆಮೇಲೆ ವಿಡಿಯೋ ಕೇಳಿದೆ, ತೋರಿಸಿದ. ತೃಪ್ತಿಯಾಗುವವರೆಗೂ ನೋಡಿದೆ.

ಎಷ್ಟು ಚೆನ್ನಾಗಿ ಆಡುತ್ತೀಯ ಮಗನೇ. ಚೆಂಡು ಎತ್ತ ಬರುತ್ತೆ ಅಂತ ಹೊಡೆಯುವವನಿಗಿಂತ ಮೊದಲು ನಿನಗೇ ಗೊತ್ತಿರುತ್ತೆ. ಕೈ ಎಷ್ಟು ಉದ್ದ, ತೋಳು ಎಷ್ಟು ಗಟ್ಟಿ. ಕಂಬ ಹತ್ತಿದಾಗ ಬಿಸಿಲು ಬಿದ್ದು ಮುಖ ಹೊಳೆಯುತ್ತಿತ್ತು. ನಿನ್ನಂಥ ಮಗ ಮಾಡದಕೆರೆಯಲ್ಲಿಲ್ಲ, ಹೊಸದುರ್ಗದಲ್ಲಿಲ್ಲ, ಇಡೀ ದುರ್ಗದಲ್ಲಿಲ್ಲ. ನಿನ್ನ ಕೆನ್ನೆ ನಿನ್ನ ಅಕ್ಕನ ಕೆನ್ನೆಯ ಹಾಗೇ ಇದೆ, ಇಷ್ಟು ವರ್ಷ ನಾನು ಸರಿಯಾಗಿ ನೋಡಿರಲಿಲ್ಲ. ನೋಡಿ ಬಾಯಿಬಿಟ್ಟು ಅಂದೆ, ‘ಎಷ್ಟ್ ಚಂದಾಗೈತಲ್ಲೇ ನನ್ ಕೂಸು’ ಅಂತ. ನಸ್ರೀನ್ ನನ್ನ ಬಾಯಿ ಮುಚ್ಚಲು ಬಂದಳು. ಅವಳ ಕೈ ಸರಿಸಿ ಇನ್ನೊಂದು ಸಲ ಅಂದೆ.

ಪೇಜಿನಲ್ಲೂ ಅದನ್ನೇ ಬರೆದಿದ್ದೇನೆ, ನನ್ನ ಹೆಸರು, ಫೋಟೋ ಕಾಣುವ ಹಾಗೇ. ಹೆತ್ತ ತಾಯಿ ಸುಳ್ಳು ಹೇಳುತ್ತಾಳಾ ಅಂತ ಜನ ನಂಬುತ್ತಾರೆ.

ಒಲೆ ಉರಿಯುತ್ತಿತ್ತು. ನಿವಾಳಿಸಲು ಉಪ್ಪು ಮೆಣಸಿನಕಾಯಿ ಡಬ್ಬಿಯಿಂದ ತೆಗೆಯಲಿಲ್ಲ. ಇವತ್ತಿನಿಂದ ಉಪ್ಪು ಹಾಕಿಕೊಂಡು ಊಟ ಮಾಡುತ್ತಿದ್ದೇನೆ.

ಮೊದಲನೇ ಕಾಗದದಲ್ಲೇ ನೀನು ಒಂದು ಒಳ್ಳೆ ಮಾತು ಕೇಳಿದ್ದೆ. ಕೊಡುವುದು ತಡವಾಯಿತು.

ಇತಿ,
ಏಕಾಂತಮ್ಮ